ಮೂಗು ಕಟ್ಟಿದ್ರೆ ಚೀನಾ ಮದ್ದು? ನಮ್ಮ ಕೆರೆ ಅಂಗಳದ ಮುಳ್ಳುಕಾಯಿ ಬಗ್ಗೆ ಎಚ್ಚರ

ಚಿತ್ರದುರ್ಗ: ಚಳಿ ಶುರುವಾದ್ರೆ ಮೂಗು ಕಟ್ಟೋದು ಮನೆ ಮನೆ ಕಥೆ. ಇದಕ್ಕೆ ಚೀನಾದ ಗಿಡಮೂಲಿಕೆ ಪುಡಿ, ಮಾತ್ರೆಗಳೂ ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. 'ಗಿಡಮೂಲಿಕೆ ತಾನೆ, ಏನಾಗುತ್ತೆ?' ಅನ್ನೋ ಮುಂಚೆ ಅದರಲ್ಲಿ ಏನಿದೆ ಅಂತ ನೋಡೋದು ಒಳ್ಳೇದು.

ಯಾವ ಕಾಯಿ ಅದು?

ಚೀನಾದಲ್ಲಿ ಮೂಗು ಕಟ್ಟಿದ್ರೆ ಹಿಂದಿನಿಂದಲೂ ಕೊಡೋ ಮದ್ದು 'ತ್ಸಾಂಗ್ ಅರ್ ತ್ಸು'. ಇದು ಕ್ಸಾಂಥಿಯಮ್ ಗಿಡದ ಕಾಯಿ. ನಮ್ಮಲ್ಲಿ ಮರುಳುಮತ್ತಿ ಅಂತಾರೆ. ರಸ್ತೆ ಬದಿ, ಕೆರೆ ಅಂಗಳದಲ್ಲಿ ಬೆಳೆದು ಪಂಚೆಗೆ, ಕುರಿ ಉಣ್ಣೆಗೆ ಅಂಟಿಕೊಳ್ಳುತ್ತಲ್ಲ, ಅದೇ ಮುಳ್ಳುಕಾಯಿ.

ಇದರ ಬೀಜ ಮತ್ತು ಎಳೆ ಸಸಿಯಲ್ಲಿ ಲಿವರ್ ಕೆಡಿಸೋ, ರಕ್ತದ ಸಕ್ಕರೆ ಇಳಿಸೋ ವಿಷ ಇದೆ. ಚೀನಾ ವೈದ್ಯರು ಮುಳ್ಳು ತೆಗೆದು, ಹುರಿದು, ಅಳತೆ ಮಾಡಿ ಕೊಡ್ತಾರೆ. ಹುರಿದ್ರೆ ವಿಷ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ. ಹಸಿಕಾಯಿ ಕಷಾಯ ಮಾಡಿದ್ರೆ ವಿಷ ನೀರಿಗೇ ಇಳಿಯುತ್ತೆ.

2007ರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ ಪ್ರವಾಹ ಬಂದು ಊಟಕ್ಕೆ ತೊಂದರೆಯಾದಾಗ ಜನ ಇದರ ಎಳೆ ಸಸಿಯನ್ನ ಸೊಪ್ಪಿನಂತೆ ಬೇಯಿಸಿ ತಿಂದರು. 76 ಜನ ಕಾಯಿಲೆ ಬಿದ್ದು 19 ಮಂದಿ ತೀರಿಕೊಂಡರು. ದನ, ಕುರಿಗೂ ಎಳೆ ಸಸಿ ಅಪಾಯವೇ.

ಇನ್ನೊಂದು ಮದ್ದು

'ಮಾ ಹುವಾಂಗ್' ಅನ್ನೋ ಮೂಲಿಕೆಯಲ್ಲಿ ಎಫೆಡ್ರಿನ್ ಇದೆ. ಮೂಗೇನೋ ಬಿಡುತ್ತೆ, ಆದ್ರೆ ಬಿಪಿ ಏರುತ್ತೆ, ಎದೆಬಡಿತ ಜಾಸ್ತಿ ಆಗುತ್ತೆ. ಅಮೆರಿಕದಲ್ಲಿ 2004ರಲ್ಲೇ ಪೂರಕ ಆಹಾರದ ಹೆಸರಲ್ಲಿ ಇದನ್ನ ಮಾರೋದು ನಿಷೇಧಿಸಿದ್ದಾರೆ. ಬಿಪಿ, ಹಾರ್ಟ್ ತೊಂದರೆ ಇರೋರು, ಗರ್ಭಿಣಿಯರು ಮುಟ್ಟಲೇಬಾರದು.

ಏನು ಮಾಡಬಹುದು?

* ಬರೀ ಬಿಸಿನೀರಿನ ಹಬೆ ಸಾಕು. ಮಕ್ಕಳ ಹತ್ರ ಕುದಿಯೋ ಪಾತ್ರೆ ಇಡಬೇಡಿ.
* ಮೆಡಿಕಲ್‌ನಲ್ಲಿ ಸಿಗೋ ಉಪ್ಪುನೀರಿನ ಸಲೈನ್ ಡ್ರಾಪ್ಸ್ ಬಳಸಬಹುದು.
* ಕರ್ಪೂರ ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದ್ರೆ ಫಿಟ್ಸ್ ಬರಬಹುದು.
* ಹತ್ತು ದಿನ ಕಳೆದ್ರೂ ಮೂಗು ಬಿಡದಿದ್ರೆ, ಜ್ವರ ಇದ್ರೆ, ಒಂದೇ ಕಡೆ ರಕ್ತ ಬಂದ್ರೆ ಡಾಕ್ಟರಿಗೆ ತೋರಿಸಿ.

ಅಂಗಡಿಯವರಿಗೆ

ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಒಳಗೇನಿದೆ ಅನ್ನೋ ಪಟ್ಟಿ ಇಲ್ಲದ ಮದ್ದಿನ ಡಬ್ಬಿ ಇಟ್ಕೊಳ್ಳಬೇಡಿ. ಗಿರಾಕಿಗೆ ಏನಾದ್ರೂ ಆದ್ರೆ ಮೊದಲು ಕೇಳೋದು ನಿಮ್ಮನ್ನೇ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲೇ ಇರಿ, ಮುಳ್ಳುಕಾಯಿ ಕಷಾಯ ಕುಡಿದು ವಾಂತಿ, ಸುಸ್ತು, ಪ್ರಜ್ಞೆ ತಪ್ಪೋದು ಕಂಡ್ರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕುಡಿದ ಕಾಯಿ ಅಥವಾ ಡಬ್ಬಿಯನ್ನ ಆಸ್ಪತ್ರೆಗೆ ಜೊತೆಗೇ ತಗೊಂಡು ಹೋಗಿ.