ತೊಂಬತ್ತರಲ್ಲೂ ಕಲಿಯುವ ಸ್ನಾಯು

ಮೊಣಕಾಲಿಗೆ ಕೈಯೂರಿ, ‘ಉಸ್ಸಪ್ಪಾ’ ಎನ್ನುತ್ತ ಮೇಲೇಳುವ ಅಜ್ಜ-ಅಜ್ಜಿಯರನ್ನು ನೀವೆಲ್ಲ ನೋಡಿರುತ್ತೀರಿ. ಅವರು ಬಿಂದಿಗೆಗೋ ಚೀಲಕ್ಕೋ ಕೈಹಾಕಿದರೆ ‘ನೀವು ಕೂತಿರಿ, ನಾವು ತರುತ್ತೇವೆ’ ಎಂದು ಕಸಿದುಕೊಳ್ಳುತ್ತೇವೆ. ಪ್ರೀತಿಯಿಂದ ಆಡುವ ಈ ಮಾತು ಅವರಿಗೆ ನಿಜವಾಗಿ ಹಿತವೇ?

ನಡುವಯಸ್ಸು ದಾಟಿದ ಮೇಲೆ ನಮ್ಮ ಸ್ನಾಯುಗಳು ಮೆಲ್ಲಮೆಲ್ಲನೆ ಕರಗುತ್ತವೆ. ಇದಕ್ಕೆ ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ‘ಸಾರ್ಕೊಪೀನಿಯಾ’ ಎಂಬ ಹೆಸರು ಸೂಚಿಸಿದರು. ಗ್ರೀಕ್ ಮೂಲದ ಈ ಪದಕ್ಕೆ ‘ಮಾಂಸದ ಕೊರತೆ’ ಎಂದರ್ಥ.

ಆದರೆ ಕೊರತೆ ಮಾಂಸದ್ದು ಮಾತ್ರವಲ್ಲ. ಬೆನ್ನುಹುರಿಯಲ್ಲಿರುವ ಒಂದೊಂದು ಚಾಲಕ ನರಕೋಶವೂ ಹಲವಾರು ಸ್ನಾಯು ಎಳೆಗಳಿಗೆ ಆಜ್ಞೆ ಕೊಡುತ್ತದೆ. ಮುಪ್ಪಿನಲ್ಲಿ ಇಂಥ ಕೆಲವು ನರಕೋಶಗಳು ಅಳಿಯುತ್ತವೆ. ಅನಾಥವಾದ ಎಳೆಗಳಲ್ಲಿ ಕೆಲವನ್ನು ಪಕ್ಕದ ನರ ಸೇರಿಸಿಕೊಳ್ಳುತ್ತದೆ, ಉಳಿದವು ಸೊರಗುತ್ತವೆ. ಥಟ್ಟನೆ ಬಲ ಕೊಡುವ ವೇಗದ ಎಳೆಗಳೇ ಹೆಚ್ಚಾಗಿ ಕ್ಷೀಣಿಸುತ್ತವೆ. ಆದ್ದರಿಂದಲೇ ಎಡವಿದ ವೃದ್ಧರು ಯುವಕರಂತೆ ತಕ್ಷಣ ಸಾವರಿಸಿಕೊಳ್ಳಲಾರರು.

ಇದನ್ನು ತಡೆಯಬಹುದೇ? 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಭಾಗವಹಿಸಿದವರು ಹತ್ತು ಮಂದಿ. ಅವರ ಸರಾಸರಿ ವಯಸ್ಸು 90! ಎಂಟು ವಾರ ಅವರು ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿದರು. ಕೊನೆಯವರೆಗೂ ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ಇಬ್ಬರು ಊರುಗೋಲನ್ನೇ ಬಿಟ್ಟು ನಡೆದರು.

ಇಲ್ಲೊಂದು ಸ್ವಾರಸ್ಯವಿದೆ. ತೊಡೆಯ ಸ್ನಾಯುವಿನ ಗಾತ್ರ ಹೆಚ್ಚಿದ್ದು ಕೇವಲ ಶೇಕಡಾ 9ರಷ್ಟು. ಹಾಗಾದರೆ ಅಷ್ಟೊಂದು ಬಲ ಎಲ್ಲಿಂದ ಬಂತು? ಬಹುಪಾಲು ನರಗಳಿಂದ. ಅಭ್ಯಾಸದ ಮೊದಲ ವಾರಗಳಲ್ಲಿ ಮೆದುಳು ಮತ್ತು ನರಗಳು ಹೆಚ್ಚು ಎಳೆಗಳನ್ನು ಒಟ್ಟಿಗೆ, ಹೆಚ್ಚು ವೇಗವಾಗಿ ದುಡಿಸುವುದನ್ನು ಕಲಿಯುತ್ತವೆ. ಸ್ನಾಯು ದಪ್ಪವಾಗುವುದು ನಿಧಾನವಾಗಿ. ಲಾಭ ಅಲ್ಲಿಗೇ ನಿಲ್ಲುವುದಿಲ್ಲ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಂಡು ಇನ್ಸುಲಿನ್ ಒದಗಿಸುವ ಮೇದೋಜೀರಕ ಗ್ರಂಥಿಯ ಹೊರೆಯನ್ನು ಇಳಿಸುತ್ತದೆ. ಸ್ನಾಯುವಿನ ಎಳೆತದಿಂದ ಮೂಳೆಯ ಸವೆತವೂ ತಗ್ಗುತ್ತದೆ.

ಆದರೆ ಈ ಗಳಿಕೆಯನ್ನು ಕೂಡಿಟ್ಟುಕೊಳ್ಳಲಾಗದು. ಅದೇ ಬಾಸ್ಟನ್ನಿನ ಹಿರಿಯರು ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಅವರ ಬಲ ಶೇಕಡಾ 32ರಷ್ಟು ಕುಸಿಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ, ಹಿರಿಯರೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ಹೇಳಿದೆ.

ಇದಕ್ಕೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಯನ್ನು ಅಂಗೈಗಳಿಂದ ಒತ್ತುವುದು, ನೀರು ತುಂಬಿದ ಬಾಟಲಿ ಎತ್ತುವುದು ಒಳ್ಳೆಯ ಆರಂಭ. ಉಸಿರು ಬಿಗಿಹಿಡಿಯಬಾರದು, ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಹೃದ್ರೋಗ, ರಕ್ತದೊತ್ತಡ, ಕೀಲುನೋವು ಇರುವವರು ಮೊದಲು ವೈದ್ಯರನ್ನು ಕೇಳಲೇಬೇಕು.

ಇನ್ನು ಮುಂದೆ ಅಜ್ಜಿ ತರಕಾರಿ ಚೀಲ ಹಿಡಿದಾಗ ಪೂರ್ತಿ ಕಸಿದುಕೊಳ್ಳಬೇಡಿ. ಅವರಿಗೆ ಹಗುರಾಗುವಷ್ಟು ತೆಗೆದುಕೊಂಡು, ಉಳಿದದ್ದನ್ನು ಅವರ ಕೈಯಲ್ಲೇ ಬಿಡಿ. ಸಂಜೆ ಅವರ ಜೊತೆ ಕುರ್ಚಿಯಿಂದ ಹತ್ತು ಸಲ ನೀವೂ ಎದ್ದು ಕೂರಿ. ನಾಳೆ ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋಗಿಬರುವ ಅವರ ಸ್ವಾತಂತ್ರ್ಯ ಆ ಹತ್ತು ಸಲದಲ್ಲಿ ಅಡಗಿದೆ.