ಶಂಕೆಯೂ ಸೋಂಕೂ

ರಕ್ತದಲ್ಲಿ ರೋಗಾಣುವಿನ ಲೇಶವೂ ಇಲ್ಲದಿರುವಾಗಲೂ, ತನಗೆ ಗುಹ್ಯರೋಗ ತಗುಲಿದೆಯೆಂಬ ಶಂಕೆಯೊಂದೇ ಮನುಷ್ಯನ ನಿದ್ರೆಯನ್ನೂ ಹಸಿವನ್ನೂ ದಾಂಪತ್ಯದ ನೆಮ್ಮದಿಯನ್ನೂ ಅಪಹರಿಸಬಲ್ಲುದೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಸಿಫಿಲಿಸ್ ರೋಗಕ್ಕೆ ಕಾರಣವಾದ ಸುರುಳಿಯಾಕಾರದ ಸೂಕ್ಷ್ಮಜೀವಿಯನ್ನು 1905ರಲ್ಲಿ ಷೌಡಿನ್ ಮತ್ತು ಹಾಫ್‌ಮನ್ ಎಂಬ ಜರ್ಮನ್ ವಿಜ್ಞಾನಿಗಳು ಕಾಣುವುದಕ್ಕೆ ಮೊದಲೇ, ಆ ರೋಗದ ಭೀತಿಗೆ ‘ಸಿಫಿಲೋಫೋಬಿಯ’ ಎಂಬ ಪ್ರತ್ಯೇಕ ಹೆಸರು ವೈದ್ಯಶಾಸ್ತ್ರದಲ್ಲಿ ಬಳಕೆಗೆ ಬಂದಿತ್ತು. 1943ರಲ್ಲಿ ಪೆನಿಸಿಲಿನ್ ಆ ರೋಗವನ್ನು ಗೆದ್ದಿತು. ಭೀತಿ ಮಾತ್ರ ಉಳಿದು, ಮುಂದೆ ಎಚ್‌ಐವಿಯನ್ನು ಆಶ್ರಯಿಸಿತು.

ಈ ಭೀತಿ ಬಲಿಯುವುದು ಹೆಚ್ಚಾಗಿ ಕಾಯುವ ಕಾಲದಲ್ಲಿ. ಎಚ್‌ಐವಿ ಸೋಂಕು ತಗುಲಿದೊಡನೆಯೇ ಅದು ಪರೀಕ್ಷೆಗೆ ಗೋಚರಿಸುವುದಿಲ್ಲ. ವೈರಸ್ಸಿನ ಅಂಶವನ್ನೂ ಪ್ರತಿಕಾಯವನ್ನೂ ಒಟ್ಟಿಗೆ ಹುಡುಕುವ ಪ್ರಯೋಗಶಾಲೆಯ ಪರೀಕ್ಷೆಗೆ ಸುಮಾರು 45 ದಿನಗಳೂ, ಪ್ರತಿಕಾಯವನ್ನಷ್ಟೇ ಹುಡುಕುವ ಪರೀಕ್ಷೆಗೆ ಮೂರು ತಿಂಗಳೂ ಕಳೆದ ಮೇಲೆಯೇ ಫಲಿತಾಂಶ ನಿಶ್ಚಿತವೆನಿಸುತ್ತದೆ. ಈ ‘ಗವಾಕ್ಷಿ ಅವಧಿ’ಯಲ್ಲಿ ಆತಂಕದಿಂದ ಸ್ರವಿಸುವ ಅಡ್ರಿನಲಿನ್ ಎದೆಬಡಿತವನ್ನೂ ಬೆವರನ್ನೂ ಹೊಟ್ಟೆಯ ತಳಮಳವನ್ನೂ ಉಂಟುಮಾಡಲು, ಭೀತನಾದವನು ಅವನ್ನೇ ರೋಗಲಕ್ಷಣಗಳೆಂದು ಭ್ರಮಿಸುತ್ತಾನೆ. ಕನ್ನಡಿಯ ಮುಂದೆ ನಿಂತು ಕುತ್ತಿಗೆಯ ಗ್ರಂಥಿಯನ್ನು ಹತ್ತಾರು ಸಲ ಒತ್ತಿ ನೋಡುತ್ತಾನೆ. ಒತ್ತಿದುದರಿಂದಲೇ ಅದು ನೋಯತೊಡಗಿದಾಗ ಆ ನೋವನ್ನೇ ಸಾಕ್ಷ್ಯವೆಂದು ಭಾವಿಸುತ್ತಾನೆ.

ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ತಿಳಿದರೂ ಸಮಾಧಾನ ನಾಲ್ಕು ದಿನ ನಿಲ್ಲುವುದಿಲ್ಲ. ರಕ್ತದ ಶೀಷೆ ಅದಲುಬದಲಾಗಿರಬಹುದೆಂಬ ಹೊಸ ಸಂದೇಹ ಹುಟ್ಟಿ ಮತ್ತೊಂದು ಪರೀಕ್ಷೆಗೆ ನೂಕುತ್ತದೆ. ಹಾಗೆ ದೊರೆತ ಕ್ಷಣಿಕ ಉಪಶಮನವೇ ಮುಂದಿನ ಸಂದೇಹಕ್ಕೆ ಪೋಷಕವಾಗುತ್ತದೆ. ಆದುದರಿಂದ ಮನೋವೈದ್ಯರು, ತಕ್ಕ ಕಾಲದಲ್ಲಿ ತಕ್ಕ ಪರೀಕ್ಷೆ ಮುಗಿದ ಮೇಲೆ, ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುವ ತವಕವನ್ನು ತಡೆದು ಅನಿಶ್ಚಯವನ್ನು ಸಹಿಸುವ ಶಕ್ತಿಯನ್ನು ಕ್ರಮಕ್ರಮವಾಗಿ ಬೆಳೆಸುತ್ತಾರೆ. ಅವಶ್ಯವಿದ್ದರೆ ಔಷಧವನ್ನೂ ಕೊಡುತ್ತಾರೆ.

ಹಾಗೆಂದು ಭಯವನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವುದೂ ಸಲ್ಲದು. ಅನೇಕ ಲೈಂಗಿಕ ಸೋಂಕುಗಳು ಯಾವ ಲಕ್ಷಣವನ್ನೂ ತೋರದೆ ದೇಹದಲ್ಲಿ ನೆಲಸಬಲ್ಲವು. ಎಚ್‌ಐವಿ ತಗುಲುವ ಸಂಭವ ನಿಜವಾಗಿಯೂ ಉಂಟಾಗಿದ್ದರೆ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸುವ ಗುಳಿಗೆಗಳು ಅದನ್ನು ತಡೆಯಬಲ್ಲವು. ಸಿಫಿಲಿಸ್, ಗೊನೋರಿಯ, ಕ್ಲಮೀಡಿಯಗಳು ಜೀವಿರೋಧಕ ಔಷಧಗಳಿಂದ ಗುಣವಾಗುತ್ತವೆ. ಎಚ್‌ಐವಿ ಇದ್ದವರೂ ನಿತ್ಯ ಔಷಧ ಸೇವಿಸಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ನಿಂತರೆ, ಸಂಭೋಗದಿಂದ ಅದು ಮತ್ತೊಬ್ಬರಿಗೆ ಹರಡದು.

ನಮ್ಮ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಅದಕ್ಕೆ ಮೊದಲೂ ಆಮೇಲೂ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಪರೀಕ್ಷೆಗೆ ಸಮ್ಮತಿ ಬೇಕೆಂದೂ ಫಲಿತಾಂಶ ಗೋಪ್ಯವಾಗಿರಬೇಕೆಂದೂ 2017ರ ಎಚ್‌ಐವಿ ಕಾಯಿದೆ ವಿಧಿಸಿದೆ. 1097ಕ್ಕೆ ಕರೆಮಾಡಿದರೆ ಎಚ್‌ಐವಿಯ ಬಗ್ಗೆ ಮಾಹಿತಿಯೂ, 14416ಕ್ಕೆ ಕರೆಮಾಡಿದರೆ ಮನಸ್ಸಿನ ಕ್ಲೇಶಕ್ಕೆ ‘ಟೆಲಿ ಮಾನಸ್’ನ ನೆರವೂ ದೊರೆಯುತ್ತವೆ. ಈ ರೋಗಗಳಿಗೆ ಅಂಟಿರುವ ನಾಚಿಕೆಯೇ ಜನರನ್ನು ವೈದ್ಯರಿಂದ ದೂರವಿರಿಸಿ, ಸೋಂಕನ್ನೂ ಶಂಕೆಯನ್ನೂ ಒಟ್ಟಿಗೆ ಬೆಳೆಯಗೊಡುತ್ತದೆ. ಆದಕಾರಣ ರಕ್ತದ ಫಲಿತಾಂಶವನ್ನು ಓದಿಹೇಳುವ ವೈದ್ಯರು, “ನಿದ್ರೆ ಬರುತ್ತಿದೆಯೇ?” ಎಂದೂ ಕೇಳಬೇಕು, ಕೇಳದಿದ್ದರೆ, ಬರುತ್ತಿಲ್ಲವೆಂದು ರೋಗಿಯೇ ಸಂಕೋಚವಿಲ್ಲದೆ ಹೇಳಬೇಕು.