ಶೇಕಡಾ ಲಾಭಗಳನ್ನು ಕೂಡಿಸಿ ಭಾಗಿಸಬಹುದೇ?

ಬೆಳ್ಳಾವಿಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಗೆ ಲಾಭ–ನಷ್ಟದ ಪಾಠ ಮಾಡಿದೆ. ಒಂದು ವಸ್ತುವಿನ ಶೇಕಡಾ ಲಾಭ ಕಂಡುಹಿಡಿಯುವುದು ಮಕ್ಕಳ ಪೂರ್ವಜ್ಞಾನ. ಅಲ್ಲಿಂದ ಹಲವು ಹೂಡಿಕೆಗಳ ಒಟ್ಟು ಶೇಕಡಾ ಲಾಭದ ಪರಿಕಲ್ಪನೆಗೆ ಸಾಗಿದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಸಮಸ್ಯೆ

ಮಕ್ಕಳಿಗೆ ಪರಿಚಿತವಾದ ಸರಕುಗಳನ್ನೇ ಆರಿಸಿಕೊಂಡು, ಮೊದಲು ಕಪ್ಪುಹಲಗೆಯ ಮೇಲೆ ಶೇಕಡಾವನ್ನು ಮಾತ್ರ ಬರೆದೆ. ತೆಂಗಿನಕಾಯಿಯಲ್ಲಿ ಶೇ. 5 ಲಾಭ, ಹುಣಸೆಹಣ್ಣಿನಲ್ಲಿ ಶೇ. 30 ಲಾಭ, ಕಡಲೆಕಾಯಿಯಲ್ಲಿ ಶೇ. 15 ನಷ್ಟ. ಒಟ್ಟಿನಲ್ಲಿ ವ್ಯಾಪಾರಿಗೆ ಲಾಭವೋ ನಷ್ಟವೋ? ಹೆಚ್ಚಿನವರು 5ಕ್ಕೆ 30 ಕೂಡಿ, 15 ಕಳೆದು, ಮೂರರಿಂದ ಭಾಗಿಸಿ ‘ಶೇ. 6⅔ ಲಾಭ’ ಎಂದರು. ಒಬ್ಬ ಹುಡುಗಿ ಮಾತ್ರ, “ಯಾವುದಕ್ಕೆ ಎಷ್ಟು ದುಡ್ಡು ಹಾಕಿದ್ರು ಸಾರ್?” ಎಂದು ಕೇಳಿದಳು. ಪಾಠದ ತಿರುಳೇ ಆ ಪ್ರಶ್ನೆ. ಹೂಡಿಕೆ ತಿಳಿಯದೆ ಉತ್ತರ ಹೇಳಲು ಬರುವುದಿಲ್ಲ.

ಪರಿಹಾರ

ಹೂಡಿಕೆಗಳನ್ನು ಕೊಟ್ಟು, ಪ್ರತಿಯೊಂದನ್ನೂ ರೂಪಾಯಿಗೆ ಇಳಿಸಲು ಹೇಳಿದೆ.

ತೆಂಗಿನಕಾಯಿ: ಹೂಡಿಕೆ ₹20,000, ಲಾಭ ₹1,000
ಹುಣಸೆಹಣ್ಣು: ಹೂಡಿಕೆ ₹4,000, ಲಾಭ ₹1,200
ಕಡಲೆಕಾಯಿ: ಹೂಡಿಕೆ ₹16,000, ನಷ್ಟ ₹2,400
ಒಟ್ಟು: ಹೂಡಿಕೆ ₹40,000, ನಷ್ಟ ₹200

200 ÷ 40,000 × 100 = 0.5. ಅಂದರೆ ಶೇ. 0.5 ನಷ್ಟ. ಸಾಲ ತಂದು ಹೂಡಿದ ಮನೆಯವರು ಶೇ. 6⅔ ಲಾಭವೆಂದು ನಂಬಿ ಬಡ್ಡಿ ಕಟ್ಟಲು ಹೊರಟರೆ, ಕೈಯಲ್ಲಿ ಅಸಲೂ ಪೂರ್ತಿ ಇರುವುದಿಲ್ಲ.

ಕಾರಣ

ಶೇ. 30 ಎಂಬುದು 4,000ದ ಭಾಗ, ಶೇ. 15 ಎಂಬುದು 16,000ದ ಭಾಗ. ಆಧಾರ ಬೇರೆಯಾದಾಗ ಪ್ರತಿ ಶೇಕಡಾಕ್ಕೂ ಅದರ ಹೂಡಿಕೆಯಷ್ಟು ತೂಕ ಕೊಡಬೇಕು. ಇಲ್ಲಿ ಹೂಡಿಕೆಗಳ ಅನುಪಾತ 5:1:4.

(5×5 + 1×30 − 4×15) ÷ 10 = −0.5

ಮೂರೂ ಹೂಡಿಕೆ ಸಮನಾಗಿದ್ದರೆ ಮಕ್ಕಳ ಮೊದಲ ಉತ್ತರ ಸರಿಯಾಗುತ್ತಿತ್ತು.

ಈ ವಿಧಾನ ನಮ್ಮ ನಾಡಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಬೇರೆ ಬೇರೆ ಶುದ್ಧತೆಯ ಚಿನ್ನವನ್ನು ಬೆರೆಸುವ ಲೆಕ್ಕಗಳಿವೆ. ಪ್ರತಿ ತುಂಡಿನ ತೂಕವನ್ನು ಅದರ ಶುದ್ಧತೆಯಿಂದ ಗುಣಿಸಿ, ಕೂಡಿ, ಒಟ್ಟು ತೂಕದಿಂದ ಭಾಗಿಸುವುದೇ ಅಲ್ಲಿಯ ನಿಯಮ. ಚಿನ್ನದ ತೂಕದ ಜಾಗದಲ್ಲಿ ಹೂಡಿಕೆಯನ್ನೂ, ಶುದ್ಧತೆಯ ಜಾಗದಲ್ಲಿ ಶೇಕಡಾ ಲಾಭವನ್ನೂ ಇಟ್ಟರೆ ನಮ್ಮ ಲೆಕ್ಕವಾಗುತ್ತದೆ.

ಬೋಧಿಸುವಾಗ ಗಮನಿಸಬೇಕಾದವು

1. ಲೆಕ್ಕಕ್ಕೆ ಮೊದಲು ಅಂದಾಜು ಮಾಡಿಸಬೇಕು. ಉತ್ತರ ಶೇ. 15 ನಷ್ಟ ಮತ್ತು ಶೇ. 30 ಲಾಭದ ನಡುವೆಯೇ ಇರಬೇಕು. ಹೆಚ್ಚು ಹಣ ಹೂಡಿದ ಕಡೆಗೆ ವಾಲಬೇಕು.

2. ಜೊತೆಜೊತೆಯಾಗಿ ಮಾಡಿದ ಹೂಡಿಕೆಗೂ ಒಂದರ ನಂತರ ಒಂದರಂತೆ ಮಾಡಿದ ಹೂಡಿಕೆಗೂ ವ್ಯತ್ಯಾಸ ತೋರಿಸಬೇಕು. ₹100ಕ್ಕೆ ಶೇ. 10 ಲಾಭ ಬಂದು ₹110 ಆಗಿ, ಅದನ್ನೇ ಮತ್ತೆ ಹೂಡಿ ಶೇ. 10 ನಷ್ಟವಾದರೆ ಉಳಿಯುವುದು ₹99.

3. ಹೂಡಿಕೆಗಳ ಅವಧಿ ಬೇರೆ ಬೇರೆಯಾಗಿದ್ದರೆ ಶೇಕಡಾ ಮಾತ್ರ ನೋಡಿ ಯಾವುದು ಮೇಲು ಎಂದು ತೀರ್ಮಾನಿಸಬಾರದು.

ಮೌಲ್ಯಮಾಪನಕ್ಕೆ: ಮೇಲಿನ ಶೇಕಡಾಗಳನ್ನೂ ಮೊದಲೆರಡು ಹೂಡಿಕೆಗಳನ್ನೂ ಹಾಗೆಯೇ ಇಟ್ಟುಕೊಂಡು, ಒಟ್ಟಿನಲ್ಲಿ ಲಾಭವೂ ನಷ್ಟವೂ ಇಲ್ಲದಂತಾಗಲು ಕಡಲೆಕಾಯಿಗೆ ಎಷ್ಟು ಹೂಡಬೇಕಿತ್ತು? ಸೂತ್ರವನ್ನು ಬಾಯಿಪಾಠ ಮಾಡಿದವರು ಇಲ್ಲಿ ತಡವರಿಸುತ್ತಾರೆ; ರೂಪಾಯಿಗೆ ಇಳಿಸಿ ಯೋಚಿಸಿದವರು ₹2,200 ನಷ್ಟಕ್ಕೆ ಎಷ್ಟು ಹೂಡಿಕೆ ಎಂದು ಹುಡುಕಲು ತೊಡಗುತ್ತಾರೆ.